ಮಗುವಿನ ಮನಸ್ಸು ಬೆಳೆಯುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಪ್ಪ ಅಮ್ಮಂದಿರವು, ಕೆಲವು ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳವು. ಮಾತುಕತೆಯಲ್ಲಿ, ಪತ್ರಗಳಲ್ಲಿ ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು. ಕೆಳಗಿಳಿದಂತೆ ವಿಷಯ ಸ್ವಲ್ಪ ಗಡುಸಾಗುತ್ತದೆ, ಅಷ್ಟೇ.

## ಮೊದಲ ಪ್ರಶ್ನೆಗಳು

ಬೆಳವಣಿಗೆ, ವಿಕಾಸ ಅಂತ ಪುಸ್ತಕದಲ್ಲಿ ಬೇರೆ ಬೇರೆ ಹೇಳ್ತಾರೆ. ಎರಡೂ ಒಂದೇ ಅಲ್ವಾ?

ದಿನದ ಮಾತಿನಲ್ಲಿ ಒಂದೇ. ಪಠ್ಯಪುಸ್ತಕದಲ್ಲಿ ಬೆಳವಣಿಗೆ ಎಂದರೆ ಅಳತೆಗೆ ಸಿಗುವಂಥದ್ದು: ಎತ್ತರ, ತೂಕ, ತಲೆಯ ಸುತ್ತಳತೆ. ವಿಕಾಸ ಎಂದರೆ ಮಗು ಮಾಡಬಲ್ಲ ಕೆಲಸದ ಬಗೆಯೇ ಬದಲಾಗುವುದು. ಇಪ್ಪತ್ತು ಪದ ಗೊತ್ತಿದ್ದ ಮಗುವಿಗೆ ನಲವತ್ತು ಪದ ಬಂದರೆ ಅದು ಎಣಿಕೆಯ ಮಾತು. ‘ಅಮ್ಮ ಬಾ’ ಎಂದು ಎರಡನ್ನು ಜೋಡಿಸಿದ ದಿನ ಮಗುವಿಗೆ ವಾಕ್ಯದ ಗುಟ್ಟು ಸಿಕ್ಕಿರುತ್ತದೆ.

ಪರೀಕ್ಷೆಗೆ ಇಷ್ಟು ಸಾಕು. ಎದುರಿಗಿರುವ ಮಗುವಿನಲ್ಲಿ ಮಾತ್ರ ಇವನ್ನು ಬಿಡಿಸಿ ನೋಡುವುದು ಕಷ್ಟ. ನಡೆಯಲು ಕಲಿತ ಮಗುವಿನ ಕೈಗಳು ಬಿಡುವಾಗುತ್ತವೆ. ಕೋಣೆಯ ಆ ತುದಿಯಲ್ಲಿದ್ದ ವಸ್ತುವನ್ನು ಎತ್ತಿ ತಂದು ತೋರಿಸುತ್ತದೆ, ದೊಡ್ಡವರು ಅದರ ಹೆಸರು ಹೇಳುತ್ತಾರೆ. ಕಾಲಿನಲ್ಲಿ ಶುರುವಾದದ್ದು ನಾಲಿಗೆಗೆ ಬಂದು ಮುಟ್ಟುತ್ತದೆ.

ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೀತು. ನಮ್ಮವಳಿಗೆ ಹದಿನಾಲ್ಕು ತಿಂಗಳು, ಇನ್ನೂ ಗೋಡೆ ಹಿಡ್ಕೊಂಡೇ ಇದ್ದಾಳೆ. ಡಾಕ್ಟರಿಗೆ ತೋರಿಸಬೇಕಾ?

ಇದೊಂದೇ ಕಾರಣಕ್ಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು. ಅಂದರೆ ಒಂಬತ್ತು ತಿಂಗಳಿಗಿಂತ ಹೆಚ್ಚಿನ ಅಂತರ, ಎರಡೂ ತುದಿಯಲ್ಲಿರುವವರು ಆರೋಗ್ಯವಂತರೇ. ಇನ್ನೊಂದು ಸಂಗತಿ: ಶೇಕಡ 4.3ರಷ್ಟು ಮಕ್ಕಳು ಅಂಬೆಗಾಲಿಡುವ ಹಂತವನ್ನೇ ಹಾರಿ ಮುಂದೆ ಹೋಗಿದ್ದರು.

ತೋರಿಸಲೇಬೇಕಾದ ಲಕ್ಷಣಗಳು ಬೇರೆ ಇವೆ. ಹದಿನೆಂಟು ತಿಂಗಳಾದರೂ ನಡೆಯದಿರುವುದು, ವರ್ಷ ತುಂಬಿದರೂ ತೊದಲದಿರುವುದು ಅಥವಾ ಬೆರಳು ಮಾಡಿ ತೋರಿಸದಿರುವುದು, ಹದಿನಾರು ತಿಂಗಳಿಗೂ ಒಂದು ಪದ ಬಾರದಿರುವುದು, ಎರಡು ವರ್ಷಕ್ಕೂ ತಾನಾಗಿ ಎರಡು ಪದ ಜೋಡಿಸದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಬಂದಿದ್ದ ಮಾತೋ ಕೌಶಲವೋ ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋದರೆ ‘ಕಾದು ನೋಡೋಣ’ ಅನ್ನಬೇಡಿ.

ಎಲ್ಲರ ಕೈಗೂ ಹೋಗ್ತಿದ್ದ ಮಗು ಈಗ ಎಂಟು ತಿಂಗಳಾದ ಮೇಲೆ ನಾನು ಪಕ್ಕದ ಕೋಣೆಗೆ ಹೋದ್ರೂ ಕಿರುಚಿಕೊಳ್ಳುತ್ತೆ. ನಾನೇ ಮುದ್ದು ಮಾಡಿ ಕೆಡಿಸಿದ್ನಾ?

ನೀವು ಕೆಡಿಸಿದ್ದಲ್ಲ, ಮಗು ಜಾಣವಾಗಿದ್ದು. ಅಲ್ಲಿಯವರೆಗೆ ಕಣ್ಣಿಂದ ಮರೆಯಾದದ್ದು ಮನಸ್ಸಿಂದಲೂ ಸುಲಭವಾಗಿ ಮರೆಯಾಗುತ್ತಿತ್ತು. ಈಗ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂಬುದು ಗಟ್ಟಿಯಾಗುತ್ತಿದೆ. ಇದಕ್ಕೆ ವಸ್ತು ಸ್ಥಿರತೆ ಎನ್ನುತ್ತಾರೆ. ಆದರೆ ‘ಐದು ನಿಮಿಷದಲ್ಲಿ ಬರುತ್ತಾಳೆ’ ಎನ್ನುವ ಕಾಲದ ಲೆಕ್ಕ ಇನ್ನೂ ಬಂದಿಲ್ಲ. ಇದ್ದಾಳೆ, ಇಲ್ಲಿಲ್ಲ, ಯಾವಾಗ ಬರುತ್ತಾಳೋ ಗೊತ್ತಿಲ್ಲ: ಈ ಮೂರೂ ಸೇರಿದರೆ ದೊಡ್ಡವರಿಗೂ ಅಳು ಬಂದೀತು.

ಅಗಲಿಕೆಯ ಈ ಆತಂಕ ಸಾಮಾನ್ಯವಾಗಿ ಹತ್ತರಿಂದ ಹದಿನೆಂಟು ತಿಂಗಳ ನಡುವೆ ತುದಿ ಮುಟ್ಟಿ, ಮೆಲ್ಲಗೆ ಇಳಿಯುತ್ತದೆ. ಕಣ್ಣಾಮುಚ್ಚಾಲೆ ಆಡಿಸಿ. ಮುಖ ಮರೆಯಾಗುವುದು, ಮತ್ತೆ ಕಾಣಿಸುವುದು, ಇದು ಅದೇ ಪಾಠ ನಗುವಿನ ರೂಪದಲ್ಲಿ. ಹೊರಡುವಾಗ ಹೇಳಿ ಹೊರಡಿ. ಕಳ್ಳಹೆಜ್ಜೆಯಲ್ಲಿ ಜಾರಿಕೊಂಡರೆ ಅಂದಿನ ಅಳು ತಪ್ಪುತ್ತದೆ, ಮರುದಿನದಿಂದ ಮಗು ನಿಮ್ಮ ಬಟ್ಟೆಯ ಚುಂಗು ಬಿಡುವುದಿಲ್ಲ.

ಅತ್ತ ತಕ್ಷಣ ಎತ್ತಿಕೊಂಡರೆ ಅದೇ ಅಭ್ಯಾಸ ಆಗುತ್ತೆ ಅಂತ ಹಿರಿಯರು ಹೇಳ್ತಾರೆ. ನಿಜಾನಾ?

ಹಿರಿಯರು ಮಾತ್ರವಲ್ಲ, ಒಂದು ಕಾಲದಲ್ಲಿ ಮನೋವಿಜ್ಞಾನಿಗಳೇ ಹಾಗೆ ಹೇಳುತ್ತಿದ್ದರು. ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ಅಧ್ಯಯನ ಮಾಡಬೇಕೆನ್ನುವ ವರ್ತನಾವಾದದ ಪ್ರವರ್ತಕ ಜಾನ್ ವಾಟ್ಸನ್ 1928ರಲ್ಲಿ ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುತ್ತಿಡಬೇಡಿ ಎಂದೇ ಬರೆದ. ಹಸಿವು ನೀಗಿಸುವವರನ್ನು ಮಗು ಹಚ್ಚಿಕೊಳ್ಳುತ್ತದೆ, ಪ್ರೀತಿ ಎಂಬುದು ಹಾಲಿನ ಉಪಉತ್ಪನ್ನ ಎಂಬುದು ಆಗಿನ ನಂಬಿಕೆ.

ಅದನ್ನು ಅಲುಗಾಡಿಸಿದ್ದು ಮಂಗಗಳು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಕೋತಿಮರಿಗಳಿಗೆ ಎರಡು ಗೊಂಬೆತಾಯಂದಿರನ್ನು ಕೊಟ್ಟ. ಒಂದು ಬರಿ ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಹೊದಿಸಿತ್ತು, ಹಾಲಿರಲಿಲ್ಲ. ಮರಿಗಳು ತಂತಿತಾಯಿಯ ಬಳಿ ಹಾಲು ಕುಡಿದು ಬಂದು ದಿನದ ಬಹುಪಾಲು ಬಟ್ಟೆತಾಯಿಯನ್ನೇ ತಬ್ಬಿಕೊಂಡಿರುತ್ತಿದ್ದವು. 1958ರಲ್ಲಿ ಪ್ರಕಟವಾದ ಈ ಪ್ರಯೋಗ ಇವತ್ತಿನ ಕಣ್ಣಿಗೆ ಕ್ರೂರ, ಓದುವಾಗ ಹೊಟ್ಟೆ ತೊಳಸುತ್ತದೆ. ಆದರೂ ‘ಹಾಲಿಗಾಗಿ ಪ್ರೀತಿ’ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಜಾನ್ ಬೌಲ್ಬಿ ಬಾಂಧವ್ಯ ಸಿದ್ಧಾಂತವನ್ನು ಕಟ್ಟುತ್ತಿದ್ದ. ಮಗುವಿಗೆ ಒಬ್ಬ ನಂಬಿಕಸ್ಥ ದೊಡ್ಡವರು ಬೇಕು, ಅವರು ಹಿಂದಿದ್ದಾರೆ ಎಂಬ ಧೈರ್ಯವಿದ್ದರೇ ಅದು ಮುಂದೆ ಹೋಗಿ ಜಗತ್ತನ್ನು ತಡಕಾಡೀತು. ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ 1972ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು. ಆ ಲೆಕ್ಕದ ಬಗ್ಗೆ ತಕರಾರುಗಳಿವೆ, ಒಪ್ಪುತ್ತೇನೆ. ಆದರೆ ಎಳೆಗೂಸನ್ನು ಸಂತೈಸಿದ್ದರಿಂದ ಅದು ಹಾಳಾಯಿತು ಎನ್ನಲು ಆಧಾರವಿಲ್ಲ. ಅಳು ಅದಕ್ಕಿರುವ ಒಂದೇ ಭಾಷೆ.

ನಾನು ಕೆಲಸಕ್ಕೆ ಹೋಗೋಳು. ಮಗು ದಿನವಿಡೀ ಬೇರೆಯವರ ಹತ್ರ ಇರುತ್ತೆ. ನನ್ನ ಜೊತೆ ಬಾಂಧವ್ಯ ಕಡಿಮೆ ಆಗುತ್ತಾ?

ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಇದನ್ನೇ ಕೇಳಿತು. ಮಗು ಬೇರೆಯವರ ಆರೈಕೆಯಲ್ಲಿ ಇದೆ ಎಂಬುದಷ್ಟರಿಂದಲೇ ತಾಯಿಯೊಂದಿಗಿನ ಬಾಂಧವ್ಯ ಸಡಿಲವಾಗಿರಲಿಲ್ಲ. ತಾಯಿಯ ಸ್ಪಂದನೆಯೂ ಕಡಿಮೆ, ಜೊತೆಗೆ ಆರೈಕೆಯೂ ಕಳಪೆ ಅಥವಾ ಅತಿ ದೀರ್ಘ ಎಂದಾದಾಗ ಮಾತ್ರ ತೊಂದರೆ ಕಂಡಿತು. ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳಬಲ್ಲದು: ಅಪ್ಪ, ಅಜ್ಜಿ, ನೋಡಿಕೊಳ್ಳುವವರು. ಅದು ನಿಮ್ಮ ಪಾಲಿನಿಂದ ಕಿತ್ತುಕೊಟ್ಟದ್ದಲ್ಲ.

## ಯೋಚನೆ, ಮಾತು, ನೆನಪು

ಪಿಯಾಜೆಯ ನಾಲ್ಕು ಹಂತ ಎಷ್ಟು ಸಲ ಬಾಯಿಪಾಠ ಮಾಡಿದ್ರೂ ತಲೆಗೆ ಹೋಗಲ್ಲ. ಅದರ ತಿರುಳು ಏನು?

ಹಂತಗಳಿಂದ ಶುರು ಮಾಡಿದ್ದಕ್ಕೇ ತಲೆಗೆ ಹೋಗುತ್ತಿಲ್ಲ. ತಪ್ಪು ಉತ್ತರಗಳಿಂದ ಶುರು ಮಾಡಿ, ಪಿಯಾಜೆ ಹೊರಟದ್ದೂ ಅಲ್ಲಿಂದಲೇ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಜೀನ್ ಪಿಯಾಜೆ ಯುವಕನಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆ ತಯಾರಿಸುವ ಕೆಲಸಕ್ಕೆ ಸೇರಿದ. ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸುವುದಷ್ಟೇ ಕೆಲಸ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ತಪ್ಪಿಗೂ ಒಂದು ತರ್ಕವಿದೆ ಎಂದಾದರೆ ಮಗು ‘ಕಡಿಮೆ ತಿಳಿದ ದೊಡ್ಡವರು’ ಆಗಿರಲಾರದು, ಬೇರೆ ರೀತಿ ಯೋಚಿಸುವ ಜೀವ ಆಗಿರಬೇಕು. ಉಳಿದದ್ದೆಲ್ಲ ಇದರ ವಿಸ್ತರಣೆ.

ಈಗ ಹಂತಗಳು. ಸುಮಾರು ಎರಡು ವರ್ಷದವರೆಗಿನ ಸಂವೇದನಾ-ಚಾಲಕ ಹಂತದಲ್ಲಿ ಮಗು ಮುಟ್ಟಿ, ಕಚ್ಚಿ, ಬೀಳಿಸಿ ತಿಳಿಯುತ್ತದೆ. ಅದರ ಯೋಚನೆ ಕೈ-ಬಾಯಿಗಳಲ್ಲೇ ಇದೆ. ಎರಡರಿಂದ ಏಳರವರೆಗಿನ ಕಾರ್ಯಪೂರ್ವ ಹಂತದಲ್ಲಿ ಮಾತು ಬಂದಿದೆ, ಕಡ್ಡಿಯನ್ನು ಕುದುರೆ ಮಾಡಿಕೊಳ್ಳುವ ಕಲ್ಪನೆ ಬಂದಿದೆ. ಆದರೆ ಕಣ್ಣಿಗೆ ಕಂಡದ್ದೇ ಸತ್ಯ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತೋರಿಸಿ, ಒಂದನ್ನು ಮಗುವಿನ ಎದುರಿಗೇ ಸಣ್ಣಗೆ ಉದ್ದವಿರುವ ಲೋಟಕ್ಕೆ ಸುರಿಯಿರಿ. ನಾಲ್ಕು ವರ್ಷದ ಮಗು ‘ಇದರಲ್ಲಿ ಜಾಸ್ತಿ’ ಎನ್ನುತ್ತದೆ. ಎತ್ತರ ನೋಡಿದಾಗ ಅಗಲ ಬಿಟ್ಟುಹೋಗುತ್ತದೆ. ವಾಪಸ್ ಸುರಿದರೆ ಅಷ್ಟೇ ಆದೀತು ಎಂದು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ನೋಡಲು ಇನ್ನೂ ಬಾರದು. ಏಳರಿಂದ ಹನ್ನೊಂದರವರೆಗಿನ ಮೂರ್ತ ಕಾರ್ಯಗಳ ಹಂತದಲ್ಲಿ ಈ ಹಿಂತಿರುಗುವಿಕೆ ಕೈವಶವಾಗುತ್ತದೆ, ‘ನೀನು ಹಾಕಿಲ್ಲ, ತೆಗೆದಿಲ್ಲ, ಅಷ್ಟೇ ಇದೆ’ ಎಂದು ಮಗು ನಿಮ್ಮನ್ನೇ ಪೆದ್ದರಂತೆ ನೋಡುತ್ತದೆ. ಹನ್ನೊಂದರ ನಂತರ ಬರುವುದು ಔಪಚಾರಿಕ ಕಾರ್ಯಗಳ ಹಂತ: ಕಣ್ಣೆದುರು ಇಲ್ಲದ್ದರ ಬಗ್ಗೆ, ‘ಹೀಗಾಗಿದ್ದರೆ ಏನಾಗುತ್ತಿತ್ತು’ ಎಂಬುದರ ಬಗ್ಗೆ ತರ್ಕಿಸುವುದು.

ಒಂದರಿಂದ ಇನ್ನೊಂದಕ್ಕೆ ದಾಟಿಸುವ ಚಲನೆಗೆ ಎರಡು ಕಾಲು. ನಾಯಿಯನ್ನು ಮಾತ್ರ ಬಲ್ಲ ಮಗು ಹಸುವನ್ನು ನೋಡಿ ‘ನಾಯಿ’ ಎಂದರೆ ಹೊಸದನ್ನು ಹಳೆಯ ಚೌಕಟ್ಟಿನೊಳಗೆ ತುರುಕಿದಂತೆ, ಇದು ಸ್ವಾಂಗೀಕರಣ. ‘ಇದು ಬೊಗಳಲ್ಲ, ಇದಕ್ಕೆ ಕೊಂಬಿದೆ’ ಎಂದು ಚೌಕಟ್ಟನ್ನೇ ಒಡೆದು ಎರಡು ಮಾಡಿಕೊಂಡರೆ ಹೊಂದಾಣಿಕೆ.

ಪಿಯಾಜೆ ಹೇಳಿದ್ದೆಲ್ಲ ತಪ್ಪು ಅಂತ ಸಾಬೀತಾಗಿದೆಯಂತೆ. ಮತ್ತೆ ಯಾಕೆ ಓದಬೇಕು?

ವಯಸ್ಸುಗಳು ತಪ್ಪಿದವು, ಪ್ರಶ್ನೆಗಳು ತಪ್ಪಲಿಲ್ಲ. ಮರೆಯಾದ ವಸ್ತುವನ್ನು ಮಗು ಹುಡುಕಿ ತೆಗೆಯಬೇಕು ಎಂದು ಪಿಯಾಜೆ ನಿರೀಕ್ಷಿಸಿದ. ಹುಡುಕಲು ಕೈ ಪಳಗಿರಬೇಕಲ್ಲ? ರೆನೆ ಬೇಯರ್ಜಾನ್ 1980ರ ದಶಕದಲ್ಲಿ ಕೈ ಬಿಟ್ಟು ಕಣ್ಣನ್ನು ಹಿಡಿದರು. ಪೆಟ್ಟಿಗೆಯೊಂದು ಹಲಗೆಯ ಹಿಂದೆ ಮರೆಯಾಗಿರುವಾಗ, ಆ ಹಲಗೆ ಪೆಟ್ಟಿಗೆಯ ಮೂಲಕವೇ ಹಾದುಹೋದಂತೆ ಮಲಗಿತು. ಹೀಗೆ ಆಗದ ಮಾತು ಎದುರಿಗೆ ನಡೆದಾಗ ನಾಲ್ಕೂವರೆ ತಿಂಗಳ ಕೂಸುಗಳು, ಮೂರೂವರೆ ತಿಂಗಳವರಲ್ಲೂ ಕೆಲವರು, ಹೆಚ್ಚು ಹೊತ್ತು ದಿಟ್ಟಿಸಿದರು. ಕಾಣದ್ದೂ ಇರುತ್ತದೆ ಎಂಬ ಎಳೆ ಅಷ್ಟು ಬೇಗ ಮೊಳೆತಿರಬಹುದು. ದಿಟ್ಟಿಸುವುದನ್ನು ‘ತಿಳಿದಿದೆ’ ಎಂದು ಓದಬಹುದೇ ಎಂಬ ಜಗಳ ಮಾತ್ರ ಮುಗಿದಿಲ್ಲ.

ನನಗೆ ಇನ್ನೂ ಇಷ್ಟವಾದದ್ದು 1974ರ ತುಂಟ ಕರಡಿಯ ಪ್ರಯೋಗ. ಗುಂಡುಗಳ ಎರಡು ಸಾಲಿನಲ್ಲಿ ಒಂದನ್ನು ದೊಡ್ಡವರು ಎಳೆದು ಉದ್ದ ಮಾಡಿ ‘ಈಗ ಯಾವುದರಲ್ಲಿ ಜಾಸ್ತಿ?’ ಎಂದರೆ ಪುಟ್ಟ ಮಕ್ಕಳು ಉದ್ದ ಸಾಲನ್ನು ತೋರಿಸುತ್ತಾರೆ. ಅದೇ ಸಾಲನ್ನು ಗೊಂಬೆಕರಡಿ ‘ಆಟ ಕೆಡಿಸಲು’ ಎಳೆದಾಡಿದರೆ ಬಹಳಷ್ಟು ಮಕ್ಕಳು ‘ಅಷ್ಟೇ ಇದೆ’ ಎಂದರು. ಯೋಚಿಸಿ ನೋಡಿ: ಗಂಭೀರ ಮುಖದ ದೊಡ್ಡವರೊಬ್ಬರು ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಉತ್ತರ ಬದಲಿಸಬೇಕೇನೋ ಎಂದು ಅನ್ನಿಸುವುದು ಸಹಜ. ತರಗತಿಯಲ್ಲಿ ‘ಇನ್ನೊಂದ್ಸಲ ಯೋಚಿಸಿ ಹೇಳು’ ಎಂದಾಗ ಸರಿ ಉತ್ತರವನ್ನೂ ತಿದ್ದಿಕೊಳ್ಳುವ ಮಕ್ಕಳನ್ನು ಶಿಕ್ಷಕರೆಲ್ಲ ನೋಡಿದ್ದಾರೆ.

ಮಗಳು ಆಡುವಾಗ ತನ್ನಷ್ಟಕ್ಕೇ ಮಾತಾಡಿಕೊಳ್ತಾಳೆ, ‘ಈಗ ಇದನ್ನ ಇಲ್ಲಿಡಬೇಕು’ ಅಂತ. ಇದು ಸರಿಯಾ?

ಸರಿಯಷ್ಟೇ ಅಲ್ಲ, ಕೇಳಿಸಿಕೊಳ್ಳಬೇಕಾದದ್ದು. ಪಿಯಾಜೆ ಇದನ್ನು ಸ್ವಕೇಂದ್ರಿತ ಮಾತು, ಅಂದರೆ ಕೇಳುವವರ ದೃಷ್ಟಿ ಇನ್ನೂ ಎಟುಕದ ಮಗುವಿನ ಮಾತು ಎಂದ. ಅದೇ 1896ರಲ್ಲಿ ಹುಟ್ಟಿ, ಕ್ಷಯದಿಂದ 1934ರಲ್ಲೇ, 37ನೇ ವಯಸ್ಸಿಗೆ ತೀರಿಕೊಂಡ ರಷ್ಯಾದ ಲೆವ್ ವೈಗಾಟ್‌ಸ್ಕಿ ಬೇರೆಯೇ ಕಂಡ. ಕೆಲಸ ಕಠಿಣವಾದಂತೆ ಈ ಮಾತು ಹೆಚ್ಚುತ್ತದೆ, ಹಾಗಾದರೆ ಮಗು ಮಾತನ್ನು ಸಲಕರಣೆಯಾಗಿ ಬಳಸುತ್ತಿದೆ. ಮೊದಲು ದೊಡ್ಡವರು ‘ಮೊದಲು ಮೂಲೆಯ ತುಂಡು ಹುಡುಕು’ ಅನ್ನುತ್ತಾರೆ. ಆಮೇಲೆ ಮಗು ಅದನ್ನೇ ತನಗೆ ತಾನು ಜೋರಾಗಿ ಹೇಳಿಕೊಳ್ಳುತ್ತದೆ. ಕೆಲವು ವರ್ಷಗಳಲ್ಲಿ ಆ ದನಿ ಒಳಗಿಳಿದು ಯೋಚನೆಯಾಗುತ್ತದೆ. ಬೀಗದ ಕೈ ಕಳೆದಾಗ ನೀವೂ ಗೊಣಗಿಕೊಳ್ಳುತ್ತೀರಿ ತಾನೆ?

ಸಮೀಪ ವಿಕಾಸ ವಲಯ ಎಂಬ ಅವನ ಪರಿಕಲ್ಪನೆಯೂ ಇಲ್ಲಿಂದಲೇ ಅರ್ಥವಾಗುತ್ತದೆ. ಮಗು ಒಂಟಿಯಾಗಿ ಮಾಡಲಾರದ, ಆದರೆ ಒಬ್ಬರು ಜೊತೆಗಿದ್ದರೆ ಮಾಡಬಲ್ಲ ಕೆಲಸಗಳ ಪಟ್ಟಿ ಅದು. ಕಲಿಕೆ ನಡೆಯುವುದು ಅಲ್ಲೇ. ತಾತ್ಕಾಲಿಕ ಆಸರೆ ಕೊಟ್ಟು ಆಮೇಲೆ ಕಳಚುವುದನ್ನು ಕಟ್ಟಡದ ಸಾರುವೆಗೆ ಹೋಲಿಸಿದ್ದು ವೈಗಾಟ್‌ಸ್ಕಿಯಲ್ಲ, 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯುವವರು ಬಹಳ.

ಮನೆಯಲ್ಲಿ ಎರಡು ಭಾಷೆ ಮಾತಾಡ್ತೀವಿ. ಮಗುಗೆ ಗೊಂದಲ ಆಗಿ ಮಾತು ತಡ ಆಗಲ್ವಾ?

ಒಂದು ಭಾಷೆಯ ಪದಗಳನ್ನಷ್ಟೇ ಎಣಿಸಿದರೆ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿದರೆ ಇತರ ಮಕ್ಕಳ ಸಮಕ್ಕೇ ಬರುತ್ತದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದು ಗೊಂದಲದ ಗುರುತಲ್ಲ, ಕೈಗೆ ಸಿಕ್ಕಿದ ಪದ ಬಳಸುವ ಉಪಾಯ.

ಮಕ್ಕಳ ಕಿವಿ ಇದಕ್ಕೆ ಹುಟ್ಟಿನಿಂದಲೇ ತಯಾರು. ಜ್ಯಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ್ದು ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ: ಹಿಂದಿಯ ‘ತ’ ಮತ್ತು ‘ಟ’ ನಡುವಿನ ವ್ಯತ್ಯಾಸ ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಅವರ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳಿಗೆ ಕೇಳಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ಅವರಿಗೂ ಅದು ಮಸುಕಾಗುತ್ತದೆ. ಅಂದರೆ ಕಲಿಯುವುದರಲ್ಲಿ ಬೇಡದ್ದನ್ನು ಬಿಡುವುದೂ ಸೇರಿದೆ.

ಹಾಗಿದ್ರೆ ಮೊಬೈಲಿನಲ್ಲಿ ಬೇರೆ ಭಾಷೆಯ ವಿಡಿಯೊ ಹಾಕಿಕೊಟ್ರೆ ಕಲಿಯುತ್ತಾ?

ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಹನ್ನೆರಡು ಬಾರಿ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಓದಿದವರಿಂದ ಮಕ್ಕಳು ಅದರ ಧ್ವನಿಗಳನ್ನು ಕಲಿತರು. ಅದೇ ಜನ, ಅದೇ ಮಾತು, ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. 2003ರ ಮಾತು ಇದು. ಪರದೆ ಮಗುವಿನ ಕಣ್ಣು ನೋಡಿ ನಿಲ್ಲುವುದಿಲ್ಲ, ಮಗು ತೊದಲಿದಾಗ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದಿತು.

ಮೂರೂವರೆ ವರ್ಷದ ಮಗ ಸುಳ್ಳು ಹೇಳೋಕೆ ಶುರು ಮಾಡಿದ್ದಾನೆ. ಈಗಲೇ ಹೀಗಾದ್ರೆ ಮುಂದೆ?

ಸುಳ್ಳು ಹೇಳಲು ಏನೇನು ಬೇಕು ಎಂದು ಎಣಿಸಿ. ನನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲ ಎಂಬ ಅರಿವು ಬೇಕು. ಅವಳ ತಲೆಯಲ್ಲಿ ಇಲ್ಲದ್ದನ್ನು ಕೂರಿಸಬಹುದು ಎಂಬ ಊಹೆ ಬೇಕು. ನಿಜ ಬಾಯಿಗೆ ಬಂದರೂ ತಡೆಹಿಡಿಯುವ ಬಿಗಿ ಬೇಕು. ಮನೋವಿಜ್ಞಾನದಲ್ಲಿ ಮೊದಲೆರಡಕ್ಕೆ ಮನಸ್ಸಿನ ಅರಿವು ಎನ್ನಬಹುದು: ಇತರರಿಗೂ ಮನಸ್ಸಿದೆ, ಅದರಲ್ಲಿರುವುದು ನನ್ನದಕ್ಕಿಂತ ಬೇರೆ ಇರಬಹುದು, ತಪ್ಪೂ ಇರಬಹುದು.

ಇದನ್ನು ಪರೀಕ್ಷಿಸುವ ದಾರಿಯನ್ನು 1983ರಲ್ಲಿ ವಿಮರ್ ಮತ್ತು ಪರ್ನರ್ ಕಂಡುಕೊಂಡರು. ಕತೆಯ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಹಾಕುತ್ತಾಳೆ. ಹಿಂತಿರುಗಿದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಸಾಮಾನ್ಯವಾಗಿ ಚಾಕೊಲೇಟ್ ಈಗ ಇರುವ ಜಾಗ ತೋರಿಸುತ್ತಾರೆ, ತಮಗೆ ಗೊತ್ತಿರುವುದು ಅವನಿಗೂ ಗೊತ್ತು ಎಂಬಂತೆ. ನಾಲ್ಕು ದಾಟಿ ಐದರತ್ತ ಸಾಗುವಾಗ ‘ಅವನು ಹಳೇ ಜಾಗದಲ್ಲೇ ಹುಡುಕ್ತಾನೆ’ ಎನ್ನುತ್ತಾರೆ. ಈ ಬಗೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವ ಮಕ್ಕಳೇ ಸುಳ್ಳನ್ನೂ ಸ್ವಲ್ಪ ನಂಬುವಂತೆ ಹೇಳುತ್ತಾರೆ.

ಹಾಗೆಂದು ಸುಳ್ಳಿಗೆ ಚಪ್ಪಾಳೆ ತಟ್ಟಿ ಎನ್ನುತ್ತಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ‘ಯಾರು ಒಡೆದದ್ದು?’ ಎಂದು ಬಲೆ ಹಾಕಬೇಡಿ. ‘ಒಡೆದುಹೋಗಿದೆ, ಬಾ, ಸೇರಿ ಗುಡಿಸೋಣ’ ಎಂದರೆ ಸುಳ್ಳಿಗೆ ಜಾಗವೇ ಇರುವುದಿಲ್ಲ.

ಇಲ್ಲದ ಗೆಳೆಯನ ಜೊತೆ ಆಡ್ತಾಳೆ, ಅವನಿಗೆ ಹೆಸರೂ ಇಟ್ಟಿದ್ದಾಳೆ. ಮನೋರೋಗವಾ?

ಅಲ್ಲ. ತುಂಬ ಸಾಮಾನ್ಯ. ಒತ್ತಿ ಕೇಳಿದರೆ ‘ಅವನು ನಿಜವಾಗ್ಲೂ ಇಲ್ಲ’ ಎಂದು ಮಗುವೇ ನಿಮಗೆ ಸಮಾಧಾನ ಹೇಳುತ್ತದೆ.

ಮೂರು ವರ್ಷಕ್ಕಿಂತ ಹಿಂದಿನದು ನನಗೆ ಏನೂ ನೆನಪಿಲ್ಲ. ಹಾಗಾದ್ರೆ ಆಗ ನಡೆದದ್ದು ಲೆಕ್ಕಕ್ಕಿಲ್ವಾ?

ನೆನಪಿನಲ್ಲಿ ಬಗೆಗಳಿವೆ. ‘ಅಂದು ಅಲ್ಲಿ ಹೀಗಾಯಿತು’ ಎಂದು ಕತೆಯಾಗಿ ಹೇಳಬಲ್ಲ ನೆನಪು ದೊಡ್ಡವರಾದಾಗ ಸರಾಸರಿ ಮೂರು, ಮೂರೂವರೆ ವರ್ಷದಿಂದೀಚೆಗೆ ಮಾತ್ರ ಸಿಗುತ್ತದೆ. ಶೈಶವದ ಮರೆವು ಎಂಬುದು ಇದೇ. ನೆನಪನ್ನು ಕೂಡಿಡಲು ಬೇಕಾದ, ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಘಟನೆಯನ್ನು ಕಟ್ಟಿಡಲು ಭಾಷೆ ಸಾಲದು, ‘ನಾನು’ ಎಂಬ ಎಳೆಯೂ ತೆಳು. ಆದರೆ ಯಾರ ಮಡಿಲು ಸುರಕ್ಷಿತ, ಅತ್ತರೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬ ಕಲಿಕೆಗೆ ಕತೆಯ ರೂಪ ಬೇಕಿಲ್ಲ. ನಡೆಯಲು ಕಲಿತ ದಿನ ಯಾರಿಗೂ ನೆನಪಿಲ್ಲ, ಎಲ್ಲರೂ ನಡೆಯುತ್ತೇವೆ.

## ಸ್ವಭಾವ, ಹಟ, ಶಿಸ್ತು

ಒಂದೇ ಮನೆ, ಒಂದೇ ಅಪ್ಪ ಅಮ್ಮ. ದೊಡ್ಡವನು ಶಾಂತ, ಚಿಕ್ಕವಳು ಬೆಂಕಿ. ನಾವು ಎಲ್ಲಿ ತಪ್ಪಿದೆವು?

ಮೊದಲ ಮಗು ಶಾಂತವಾಗಿದ್ದರೆ ಅದು ನಮ್ಮ ಪಾಲನೆಯ ಹಿರಿಮೆ ಎಂದುಕೊಳ್ಳುತ್ತೇವೆ, ಎರಡನೆಯದು ಹುಟ್ಟಿದ ಮೇಲೆ ಅಹಂಕಾರ ಇಳಿಯುತ್ತದೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ದೀರ್ಘ ಅಧ್ಯಯನ ಇದನ್ನೇ ಹಿಡಿಯಿತು. ಎಳೆಗೂಸುಗಳಲ್ಲೇ ಚಟುವಟಿಕೆ, ಹೊಸದಕ್ಕೆ ಪ್ರತಿಕ್ರಿಯೆ, ಹಸಿವು-ನಿದ್ದೆಯ ಕ್ರಮಬದ್ಧತೆ, ಭಾವದ ತೀವ್ರತೆ ಬೇರೆ ಬೇರೆ. ಅವರ ಲೆಕ್ಕದಲ್ಲಿ ಸುಮಾರು ಶೇಕಡ 40 ಸುಲಭದ ಮಕ್ಕಳು, ಶೇಕಡ 10 ಕಷ್ಟದವರು, ಶೇಕಡ 15 ನಿಧಾನಕ್ಕೆ ಒಗ್ಗುವವರು. ಉಳಿದವರು ಯಾವ ಗುಂಪಿಗೂ ಸೇರಲಿಲ್ಲ, ಅದೇ ನನಗೆ ಹೆಚ್ಚು ನಿಜವೆನಿಸುವ ಅಂಕಿ.

ಅವರು ಹೇಳಿದ ಮುಖ್ಯ ಮಾತು ಹೊಂದಿಕೆಯದು. ಸ್ವಭಾವ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸುತ್ತಲಿನವರ ನಿರೀಕ್ಷೆಗೆ ಅದು ಎಷ್ಟು ಹೊಂದುತ್ತದೆ ಎಂಬುದರ ಮೇಲೆ ಮುಂದಿನದು. ನಿಧಾನಕ್ಕೆ ಒಗ್ಗುವ ಮಗುವಿಗೆ ಹೊಸ ಜಾಗದಲ್ಲಿ ಹತ್ತು ನಿಮಿಷ ಮಡಿಲಲ್ಲಿ ಕೂರಲು ಬಿಟ್ಟರೆ ಆಮೇಲೆ ತಾನೇ ಇಳಿದು ಹೋಗುತ್ತದೆ. ದೂಡಿದರೆ ಒಂದು ಗಂಟೆ ಅಂಟಿಕೊಂಡಿರುತ್ತದೆ.

ಎರಡೂವರೆ ವರ್ಷಕ್ಕೇ ನೆಲಕ್ಕೆ ಬಿದ್ದು ಹೊರಳಾಡ್ತಾನೆ. ಎರಡು ಏಟು ಬಿಟ್ರೆ ಸರಿ ಹೋಗ್ತಾನಾ?

ಬಿಟ್ಟರೆ ಆ ಕ್ಷಣಕ್ಕೆ ಸುಮ್ಮನಾಗಬಹುದು, ಅದಕ್ಕೇ ಈ ಪದ್ಧತಿ ಇಷ್ಟು ವರ್ಷ ಬದುಕಿದೆ. ಆದರೆ ಆವೇಗವನ್ನು ತಡೆಯುವ ಕೆಲಸ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತರ ದಶಕದ ನಡುವಿಗೆ. ಎರಡೂವರೆ ವರ್ಷದವನಲ್ಲಿ ಇಲ್ಲದ ಸಾಮರ್ಥ್ಯವನ್ನು ಏಟಿನಿಂದ ಹೊರಡಿಸಲಾಗದು. ಆ ಹೊತ್ತಿಗೆ ಅವನಿಗೆ ಬೇಕಾದದ್ದು ಎರವಲು ಸಮಾಧಾನ. ನೀವು ತಣ್ಣಗಿದ್ದು, ಪೆಟ್ಟಾಗದಂತೆ ನೋಡಿಕೊಂಡು, ‘ಬೇಡ’ ಎಂದದ್ದನ್ನು ಬದಲಿಸದೆ ಪಕ್ಕದಲ್ಲಿರುವುದು. ಹೇಳುವಷ್ಟು ಸುಲಭವಲ್ಲ, ಬಲ್ಲೆ.

ಇನ್ನೊಂದು ಕಾರಣ: ಮಕ್ಕಳು ಹೇಳಿದ್ದಕ್ಕಿಂತ ಕಂಡದ್ದನ್ನು ಕಲಿಯುತ್ತಾರೆ. 1961ರಲ್ಲಿ ಪ್ರಕಟವಾದ ಆಲ್ಬರ್ಟ್ ಬಂಡೂರನ ಬೊಬೊ ಗೊಂಬೆಯ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಬಡಿಯುವುದನ್ನು ನೋಡಿದ ಮಕ್ಕಳು ಅದೇ ಏಟು, ಅದೇ ಬೈಗುಳಗಳನ್ನು ಪುನರಾವರ್ತಿಸಿದರು.

ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪಾಲನೆಯ ಮೂರು ಶೈಲಿ ಗುರುತಿಸಿದರು: ಆಜ್ಞೆಯದು, ಸಡಿಲ ಬಿಟ್ಟದ್ದು, ಬೆಚ್ಚಗಿದ್ದೂ ಗಟ್ಟಿ ಗೆರೆ ಎಳೆದದ್ದು. ಮಕ್ಕೋಬಿ ಮತ್ತು ಮಾರ್ಟಿನ್ 1983ರಲ್ಲಿ ಅಲಕ್ಷ್ಯದ್ದೆಂಬ ನಾಲ್ಕನೆಯದನ್ನು ಸೇರಿಸಿದರು. ಮೂರನೆಯದೇ ಬಹುಪಾಲು ಅಧ್ಯಯನಗಳಲ್ಲಿ ಮೇಲುಗೈ. ಒಂದು ಎಚ್ಚರ: ಮಕ್ಕಳ ಸ್ವಭಾವವೂ ಅಪ್ಪ ಅಮ್ಮನ ಶೈಲಿಯನ್ನು ರೂಪಿಸುತ್ತದೆ. ಸುಲಭದ ಮಗುವಿನ ಜೊತೆ ತಾಳ್ಮೆ ಸುಲಭ.

‘ಎಷ್ಟು ಬುದ್ಧಿವಂತೆ ನೀನು’ ಅಂತ ಹೊಗಳಬಾರದಂತೆ, ಯಾಕೆ?

1998ರಲ್ಲಿ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳಲ್ಲಿ ಇದನ್ನು ನೋಡಿದರು. ಬುದ್ಧಿಗೆ ಹೊಗಳಿಸಿಕೊಂಡವರು ಮುಂದೆ ಕಠಿಣ ಲೆಕ್ಕ ಎದುರಾಗಿ ಸೋತಾಗ ಬೇಗ ಕೈಚೆಲ್ಲಿದರು, ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಮುಂದುವರಿದರು. ಆಮೇಲೆ ಇದು ಜಗತ್ತಿನಾದ್ಯಂತ ಗೋಡೆಬರಹವಾಯಿತು. ಅಮೆರಿಕದ ಸುಮಾರು 12,000 ವಿದ್ಯಾರ್ಥಿಗಳ 2019ರ ಅಧ್ಯಯನದಲ್ಲಿ, ಬುದ್ಧಿ ಬೆಳೆಯಬಲ್ಲದು ಎಂಬ ಪಾಠದ ಪರಿಣಾಮ ಇತ್ತು, ಆದರೆ ಚಿಕ್ಕದು, ಮುಖ್ಯವಾಗಿ ಓದಿನಲ್ಲಿ ಹಿಂದಿದ್ದವರಲ್ಲಿ. ಮಾತಿನ ಮಂತ್ರಕ್ಕಿಂತ ಮಗು ಏನು ಮಾಡಿತು ಎಂದು ಗಮನಿಸಿ ಹೇಳುವುದು ಮೇಲು: ‘ಮೂರು ಸಲ ಅಳಿಸಿ ಮತ್ತೆ ಬರೆದೆಯಲ್ಲ.’

ಮಾರ್ಷ್‌ಮೆಲೊ ಪರೀಕ್ಷೆ ಮನೆಯಲ್ಲೇ ಮಾಡಿದೆ. ಮಗ ಒಂದು ನಿಮಿಷವೂ ಕಾಯಲಿಲ್ಲ. ಭವಿಷ್ಯ ಹೋಯ್ತಾ?

ಹೋಗಲಿಲ್ಲ. ‘ಈಗ ತಿಂದರೆ ಒಂದು ಮಿಠಾಯಿ, ಕಾದರೆ ಎರಡು’ ಎಂದು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಪ್ರಯೋಗಗಳಲ್ಲಿ ಕಾದವರು ಮುಂದೆ ಓದಿನಲ್ಲಿ ಮುಂದಿದ್ದರು ಎಂಬ ಸುದ್ದಿ ಪ್ರಸಿದ್ಧ. ಆದರೆ ಆ ಮಕ್ಕಳು ಹೆಚ್ಚಾಗಿ ಒಂದೇ ವಿಶ್ವವಿದ್ಯಾಲಯದ ಸುತ್ತಲಿನವರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು, ವಿವಿಧ ಹಿನ್ನೆಲೆಯ ಮಕ್ಕಳ ಮಾಹಿತಿ ನೋಡಿದಾಗ ಆ ನಂಟು ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿ, ಮೊದಲೇ ಇದ್ದ ಕಲಿಕೆಯ ಮಟ್ಟ ಲೆಕ್ಕಕ್ಕೆ ಹಿಡಿದ ಮೇಲೆ ಬಹುತೇಕ ಕರಗಿತು.

2013ರ ಇನ್ನೊಂದು ಪುಟ್ಟ ಪ್ರಯೋಗ ಇನ್ನೂ ಸೊಗಸು. ಪರೀಕ್ಷೆಗೆ ಮುಂಚೆ ಸಂಶೋಧಕಿ ‘ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆ’ ಎಂದು ಕೆಲವು ಮಕ್ಕಳಿಗೆ ಮಾತು ಕೊಟ್ಟು ತಪ್ಪಿದಳು, ಕೆಲವರಿಗೆ ಉಳಿಸಿಕೊಂಡಳು. ಮಾತು ತಪ್ಪಿದವಳನ್ನು ಕಂಡವರು ಸರಾಸರಿ ಮೂರು ನಿಮಿಷ ಕಾದರು, ಉಳಿಸಿಕೊಂಡವಳನ್ನು ಕಂಡವರು ಹನ್ನೆರಡು ನಿಮಿಷ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಎರಡನೇ ಮಿಠಾಯಿಗೆ ಕಾಯದಿರುವುದು ಲೆಕ್ಕಾಚಾರ. ನಿಮ್ಮ ಮಗನನ್ನು ಅಳೆಯುವ ಮೊದಲು, ‘ಆಮೇಲೆ ಕೊಡ್ತೀನಿ’ ಎಂದದ್ದನ್ನು ಮನೆಯಲ್ಲಿ ಎಷ್ಟು ಸಲ ಕೊಟ್ಟಿದ್ದೇವೆ ನೋಡಿ.

## ಸ್ವಲ್ಪ ಆಳಕ್ಕೆ

ಮೊದಲ ಮೂರು ವರ್ಷದಲ್ಲೇ ಮೆದುಳು ಮುಗಿದುಹೋಗುತ್ತಂತೆ. ಆ ಅವಧಿ ತಪ್ಪಿದರೆ ಮತ್ತೆ ಸಾಧ್ಯವಿಲ್ವಾ?

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಬೇಕು. ನಿರ್ಣಾಯಕ ಅವಧಿ ಎಂದರೆ ಬಾಗಿಲು ಮುಚ್ಚಿದರೆ ಮುಚ್ಚಿದಂತೆ. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿದ್ದಾಗ, ಆಮೇಲೆ ತೆರೆದರೂ ಮೆದುಳು ಆ ಕಣ್ಣಿನ ಸುದ್ದಿ ಸರಿಯಾಗಿ ಓದಲಿಲ್ಲ. ದೃಷ್ಟಿಯ ಕುರಿತ ಅವರ ಕೆಲಸಕ್ಕೆ 1981ರ ನೊಬೆಲ್ ಬಂತು. ಸಂವೇದನಾಶೀಲ ಅವಧಿ ಎಂದರೆ ಬಾಗಿಲು ವಿಶಾಲವಾಗಿ ತೆರೆದಿರುವ ಕಾಲ, ಆಮೇಲೆ ಕಿರಿದಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಮನುಷ್ಯರ ಭಾಷೆ, ಬಾಂಧವ್ಯ ಬಹುಮಟ್ಟಿಗೆ ಎರಡನೇ ಬಗೆಯವು.

ಇದರ ಅತಿ ನೋವಿನ ಪುರಾವೆ ರುಮೇನಿಯಾದ ಅನಾಥಾಲಯಗಳಿಂದ ಬಂತು. ಹೊಟ್ಟೆಗೆ ಸಿಗುತ್ತಿತ್ತು, ಮಾತಾಡಿಸುವವರಿರಲಿಲ್ಲ. 2000ದ ಬಳಿಕ ಬುಕಾರೆಸ್ಟಿನಲ್ಲಿ 136 ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಕುಟುಂಬಗಳಿಗೆ ಕೊಡಲಾಯಿತು. ಅಲ್ಲಿ ಸಾಕುಕುಟುಂಬದ ವ್ಯವಸ್ಥೆ ಆಗ ಹೆಚ್ಚುಕಡಿಮೆ ಇರಲೇ ಇಲ್ಲ, ಸಂಶೋಧಕರೇ ಕಟ್ಟಿದರು. ಆದರೂ ಇದು ಸರಿಯೇ ಎಂಬ ನೈತಿಕ ಚರ್ಚೆ ಇವತ್ತಿಗೂ ಇದೆ. ಕುಟುಂಬ ಸೇರಿದ ಮಕ್ಕಳ ಬುದ್ಧಿಶಕ್ತಿ, ಬಾಂಧವ್ಯ ಸುಧಾರಿಸಿದವು. ಸುಮಾರು ಎರಡು ವರ್ಷದೊಳಗೆ ಹೋದವರಲ್ಲಿ ಹೆಚ್ಚು. ತಡವಾಗಿ ಹೋದವರಲ್ಲೂ ಕೆಲವು ವಿಷಯಗಳಲ್ಲಿ ಚೇತರಿಕೆ ಕಂಡಿತು.

ಇದನ್ನು ಸಾಮಾನ್ಯ ಮನೆಗೆ ತಂದು ‘ಎರಡು ವರ್ಷದೊಳಗೆ ವಿಶೇಷ ಆಟಿಕೆ, ವಿಶೇಷ ತರಬೇತಿ’ ಎಂದು ಮಾರುವವರಿದ್ದಾರೆ. ತೀವ್ರ ಕೊರತೆ ಹಾನಿ ಮಾಡುತ್ತದೆ ಎಂಬುದರಿಂದ ಅತಿಯಾಗಿ ಸುರಿದರೆ ಲಾಭ ಎಂದಾಗುವುದಿಲ್ಲ. ಮೊಜಾರ್ಟ್ ಸಂಗೀತ ಕೇಳಿಸಿದರೆ ಕೂಸು ಜಾಣವಾಗುತ್ತದೆ ಎಂಬ ವದಂತಿಯ ಮೂಲವಾದ 1993ರ ಪ್ರಯೋಗದಲ್ಲಿ ಇದ್ದದ್ದು 36 ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಕೂಸು ಒಂದೂ ಇರಲಿಲ್ಲ.

ಬುದ್ಧಿಶಕ್ತಿ ಶೇಕಡ ಐವತ್ತು ವಂಶದಿಂದ ಬರುತ್ತೆ ಅಂದ್ರೆ ನನ್ನ ಮಗುವಿನ ಅರ್ಧ ಬುದ್ಧಿ ನನ್ನದು ಅಂತಾನಾ?

ಈ ಅಂಕಿಯನ್ನು ಓದುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹಾಗೇ ಓದುತ್ತಾರೆ. ಅನುವಂಶಿಕತೆಯ ಪ್ರಮಾಣ ಒಂದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ. ಒಬ್ಬ ವ್ಯಕ್ತಿಯನ್ನು ಕೊಯ್ದು ಪಾಲು ಹಾಕಿದ್ದಲ್ಲ. ಕೈಗೆ ಐದು ಬೆರಳು ಮೂಡುವುದು ಪೂರ್ತಿ ಜೀನ್‌ಗಳ ಕೆಲಸ. ಆದರೆ ಜನರ ನಡುವೆ ಬೆರಳಿನ ಸಂಖ್ಯೆಯಲ್ಲಿ ವ್ಯತ್ಯಾಸ ಬರುವುದು ಹೆಚ್ಚಾಗಿ ಅಪಘಾತಗಳಿಂದ. ಹಾಗಾಗಿ ಬೆರಳ ಸಂಖ್ಯೆಯ ಅನುವಂಶಿಕತೆಯ ಪ್ರಮಾಣ ತೀರ ಕಡಿಮೆ! ಅದೇ ರೀತಿ ಎಲ್ಲರಿಗೂ ಒಂದೇ ಬಗೆಯ ಶಾಲೆ, ಆಹಾರ ಸಿಕ್ಕರೆ ಉಳಿಯುವ ವ್ಯತ್ಯಾಸವೆಲ್ಲ ಜೀನ್‌ಗಳದೇ ಆಗಿ ಪ್ರಮಾಣ ಏರುತ್ತದೆ. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಅಮೆರಿಕದ ಅವಳಿಗಳಲ್ಲಿ ಕಂಡದ್ದು ಇದಕ್ಕೆ ಹತ್ತಿರ. ಬಡ ಕುಟುಂಬಗಳಲ್ಲಿ ಬುದ್ಧಿಸೂಚ್ಯಂಕದ ಅನುವಂಶಿಕತೆ ಸೊನ್ನೆಯ ಸಮೀಪ, ಅನುಕೂಲಸ್ಥರಲ್ಲಿ ಬಹಳ ಹೆಚ್ಚು. ಯುರೋಪಿನ ಅಧ್ಯಯನಗಳಲ್ಲಿ ಈ ಅಂತರ ಹೀಗೆ ಕಾಣಲಿಲ್ಲ. ಅಂಕಿ ಯಾವ ಸಮಾಜದ್ದು ಎಂದು ಕೇಳದೆ ಅದನ್ನು ಬಳಸಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈ ಪ್ರಯೋಗಗಳೆಲ್ಲ ಅಮೆರಿಕ, ಯುರೋಪಿನ ಮಕ್ಕಳ ಮೇಲೆ ಮಾಡಿದ್ದು. ಎಲ್ಲ ಮಕ್ಕಳಿಗೂ ಅನ್ವಯಿಸುತ್ತಾ?

ಕೆಲವು ಅನ್ವಯಿಸುತ್ತವೆ, ಕೆಲವು ಅರ್ಧಂಬರ್ಧ. ಐನ್ಸ್‌ವರ್ತ್ ರೂಪಿಸಿದ ‘ಅಪರಿಚಿತ ಸನ್ನಿವೇಶ’ವನ್ನೇ ತೆಗೆದುಕೊಳ್ಳಿ. ಒಂದು ವರ್ಷದ ಆಸುಪಾಸಿನ ಮಗು ಹೊಸ ಕೋಣೆಯಲ್ಲಿ ತಾಯಿಯೊಂದಿಗಿರುತ್ತದೆ, ಅಪರಿಚಿತರೊಬ್ಬರು ಬರುತ್ತಾರೆ, ತಾಯಿ ಹೋಗುತ್ತಾಳೆ, ಮರಳುತ್ತಾಳೆ. ನೋಡಬೇಕಾದದ್ದು ಮಗು ಅತ್ತಿತೇ ಎಂಬುದನ್ನಲ್ಲ, ತಾಯಿ ಮರಳಿದಾಗ ಏನು ಮಾಡಿತು ಎಂಬುದನ್ನು. ಓಡಿಬಂದು ಸಮಾಧಾನಗೊಂಡು ಮತ್ತೆ ಆಟಕ್ಕೆ ಹೋದರೆ ಸುರಕ್ಷಿತ ಬಾಂಧವ್ಯ. ಮುಖ ತಿರುಗಿಸಿದರೆ ತಪ್ಪಿಸಿಕೊಳ್ಳುವ ಬಗೆ. ಅಪ್ಪಿಕೊಂಡೇ ಒದೆಯುತ್ತ ಸಮಾಧಾನವಾಗದಿದ್ದರೆ ದ್ವಂದ್ವದ ಬಗೆ. ಯಾವ ಕ್ರಮವೂ ಕಾಣದ ನಾಲ್ಕನೆಯದನ್ನು ಆಮೇಲೆ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ಸೇರಿಸಿದರು.

ಜರ್ಮನಿಯ ಬೀಲೆಫೆಲ್ಡಿನಲ್ಲಿ ಇದನ್ನು ಮಾಡಿದಾಗ ತಪ್ಪಿಸಿಕೊಳ್ಳುವವರ ಪಾಲು ಹೆಚ್ಚು ಬಂತು. ಜಪಾನಿನ ಸಪ್ಪೊರೊದಲ್ಲಿ ದ್ವಂದ್ವದವರು ಹೆಚ್ಚು. ಸಪ್ಪೊರೊದ ಮಕ್ಕಳು ತಾಯಿಯನ್ನು ಬಿಟ್ಟಿದ್ದೇ ಅಪರೂಪ. ಅವರಿಗೆ ಕೋಣೆಯಲ್ಲಿ ಒಂಟಿಯಾಗಿರುವ ಮೂರು ನಿಮಿಷ ‘ಸ್ವಲ್ಪ ಒತ್ತಡ’ ಆಗಿರಲಿಲ್ಲ, ಆಘಾತವಾಗಿತ್ತು. ಅಳತೆಗೋಲೇ ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಭಾರವಾಗಿ ಬಿದ್ದರೆ ಬಂದ ಅಂಕಿಗಳನ್ನು ಹೋಲಿಸುವುದು ಹೇಗೆ? 1988ರಲ್ಲಿ ವಾನ್ ಐಸೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ ಎಂಟು ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಎರಡು ಸಂಗತಿ ಕಂಡವು. ಸುರಕ್ಷಿತ ಬಾಂಧವ್ಯವೇ ಹೆಚ್ಚುಕಡಿಮೆ ಎಲ್ಲೆಡೆ ಮೊದಲ ಸ್ಥಾನದಲ್ಲಿತ್ತು. ಮತ್ತು ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ದೊಡ್ಡದಿತ್ತು.